ಮನೆಗಾಡಿಯಲ್ಲಿ ಒಂದು ರಾತ್ರಿಯ ವಿದ್ಯುತ್ ಲೆಕ್ಕ



ಯೆಲ್ಲೋಸ್ಟೋನ್ ಉದ್ಯಾನದೊಳಗಿನ ಶಿಬಿರತಾಣಗಳ ಪೈಕಿ ಆರ್.ವಿ. ಎಂಬ ಮನೆಗಾಡಿಗೆ ವಿದ್ಯುತ್ ಸಂಪರ್ಕ ದೊರೆಯುವುದು ಫಿಷಿಂಗ್ ಬ್ರಿಜ್ ಒಂದರಲ್ಲಿ ಮಾತ್ರ. ಮಿಕ್ಕೆಡೆ ಗಾಡಿಯ ಬ್ಯಾಟರಿಯೇ ಗತಿ. ಬೇಸಿಗೆಯಲ್ಲಿಯೂ ಅಲ್ಲಿನ ರಾತ್ರಿಯ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುವುದುಂಟು. ಊರಿನಿಂದ ಬಂದ ವೃದ್ಧ ತಂದೆತಾಯಿಯರನ್ನು ಕರೆದೊಯ್ಯುವವರು ಒಂದು ರಾತ್ರಿಯ ಲೆಕ್ಕವನ್ನು ಮೊದಲೇ ಬರೆದುಕೊಳ್ಳುವುದು ಅಗತ್ಯ.

ನಮ್ಮವರಿಗೆ ಮಿಕ್ಸಿಯದೇ ಭಯ. ಇನ್ವರ್ಟರ್ ತಕ್ಕಷ್ಟು ದೊಡ್ಡದಿದ್ದರೆ, 500 ವಾಟ್ ಮಿಕ್ಸಿ ಐದು ನಿಮಿಷ ಚಟ್ನಿ ಅರೆಯಲು ವ್ಯಯಿಸುವುದು ಸುಮಾರು 4 ಆಂಪಿಯರ್-ಗಂಟೆಯಷ್ಟೆ. ನಿಜವಾದ ಕಳ್ಳ ಬಿಸಿಗಾಳಿಯ ಫರ್ನೇಸ್. ಅದು ಉರಿಯುವುದು ಪ್ರೊಪೇನ್ ಅನಿಲದಿಂದಲೇ. ಆದರೆ ಗಾಳಿಯೂದುವ ಫ್ಯಾನು ಸುಮಾರು 7 ಆಂಪಿಯರ್ ಸೆಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ನಡೆದರೂ 35 ಆಂಪಿಯರ್-ಗಂಟೆ. ತಂದೆಯವರು ನಿದ್ರೆಯಲ್ಲಿ ಉಸಿರಾಟಕ್ಕಾಗಿ ಸಿ-ಪ್ಯಾಪ್ ಯಂತ್ರ ಬಳಸುವವರಾದರೆ, ಅದರ ನೀರು ಬಿಸಿಮಾಡುವ ಭಾಗವನ್ನು ಆರಿಸಿದರೂ, ಇನ್ನು 20 ಬೇಕಾದೀತು. ದೀಪ, ನೀರಿನ ಪಂಪುಗಳಿಗೆ 5. ಒಟ್ಟು 60.

ಸೀಸ-ಆಮ್ಲದ ಬ್ಯಾಟರಿಯ ಮೇಲೆ 100 ಎಂದು ಬರೆದಿದ್ದರೂ ಬಳಸತಕ್ಕದ್ದು 50 ಮಾತ್ರ. ಅದಕ್ಕಿಂತ ಬರಿದುಮಾಡಿದರೆ ಅದರ ಆಯುಷ್ಯವೇ ಕುಂದುತ್ತದೆ. ಕೊರತೆ ಕಾಣಿಸಿಕೊಳ್ಳುವುದು ನಸುಕಿನಲ್ಲಿ, ಚಳಿ ಕಡುವಾದಾಗ. ಆಗ ಜನರೇಟರ್ ಹಚ್ಚಲು ಉದ್ಯಾನದ ನಿಯಮ ಒಪ್ಪುವುದಿಲ್ಲ. ಲಿಥಿಯಂ ಬ್ಯಾಟರಿಯಲ್ಲಿ ಬಹುಪಾಲು ಶಕ್ತಿಯನ್ನು ಬಳಸಬಹುದು, ಬೆಲೆ ಮಾತ್ರ ಹೆಚ್ಚು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲಾಗದು. ಪೈನ್ ಮರಗಳ ನೆರಳಿನಲ್ಲಿ ಸೌರಫಲಕವನ್ನು ನಂಬುವಂತಿಲ್ಲ. ಬಾಡಿಗೆಯ ಗಾಡಿಯಾದರೆ ಬ್ಯಾಟರಿ ಯಾವ ಜಾತಿಯದೆಂದು ಕೇಳಿ, ಉಸಿರಿನ ಯಂತ್ರಕ್ಕೆಂದೇ ಪ್ರತ್ಯೇಕ ಬ್ಯಾಟರಿಯೊಂದನ್ನು ಹಾಸಿಗೆಯ ಬಳಿ ಇರಿಸಿಕೊಳ್ಳಿರಿ.