ಹಾಯಿದೋಣಿಯಲ್ಲಿ ಮೊದಲ ಹತ್ತು ದಿನ



ಸೈಕಲ್ ಕಲಿಯುವಾಗ ನೀವೆಲ್ಲ ಒಮ್ಮೆಯಾದರೂ ಬಿದ್ದಿರುತ್ತೀರಿ. ಮೊಣಕಾಲು ತರಚಿರುತ್ತದೆ, ಮನೆಗೆ ಬಂದ ಮೇಲೆ ಬೈಗುಳವೂ ಸಿಕ್ಕಿರುತ್ತದೆ. ಹಾಯಿದೋಣಿ ಕಲಿಯುವಾಗಲೂ ಬೀಳುವುದು ಉಂಟು. ಆದರೆ ಸೈಕಲ್ಲಿನಿಂದ ಬೀಳುವವರು ನೀವೊಬ್ಬರೇ. ದೋಣಿ ಮಗುಚಿದರೆ ಜೊತೆಗಾರನೂ ನೀರಿಗೆ ಬೀಳುತ್ತಾನೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ.

ನಾನು ಬಯಲುಸೀಮೆಯವನು. ಊರ ಕೆರೆಯಲ್ಲಿ ಈಜು ಕಲಿತಿದ್ದೆ ಅಷ್ಟೆ. ಕಾಲೇಜಿಗೆಂದು ಕರಾವಳಿಗೆ ಬಂದು, ಎನ್.ಸಿ.ಸಿ.ಯ ನೌಕಾ ವಿಭಾಗ ಸೇರಿ, ಒಂದು ಡಿಸೆಂಬರಿನಲ್ಲಿ ಕಾರವಾರದ ಶಿಬಿರಕ್ಕೆ ಹೋದೆ. ಕಾಳಿ ನದಿ ಸಮುದ್ರ ಸೇರುವ ಜಾಗ ಅದು. ದಕ್ಷಿಣ ದಡದಲ್ಲಿ ಕೋಡಿಬಾಗ, ಉತ್ತರದಲ್ಲಿ ಸದಾಶಿವಗಡದ ಗುಡ್ಡ, ನಡುವೆ ಹೆದ್ದಾರಿಯ ಸೇತುವೆ. (ಆ ಹಳೆಯ ಸೇತುವೆ 2024ರ ಆಗಸ್ಟ್ ತಿಂಗಳ ಒಂದು ನಡುರಾತ್ರಿ ಕುಸಿದುಬಿತ್ತು. ನಮಗೆ ಆಗ ಅದೇ ಗುರುತಿನ ಕಂಬ.)

ನಮಗೆ ಕೊಟ್ಟದ್ದು ಎಂಟರ್‌ಪ್ರೈಸ್ ಎಂಬ ದೋಣಿ. ಸುಮಾರು ನಾಲ್ಕು ಮೀಟರ್ ಉದ್ದ, ಇಬ್ಬರು ಕೂರುವಂಥದ್ದು, ಹಾಯಿಗಳು ನಸುನೀಲಿ. ಬ್ರಿಟನ್ನಿನ ಜಾಕ್ ಹೋಲ್ಟ್ 1956ರಲ್ಲಿ ರೂಪಿಸಿದ ಮಾದರಿ ಇದು. 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಫರೋಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಭಾರತಕ್ಕೆ ಚಿನ್ನ ಗೆದ್ದದ್ದು ಇಂಥದೇ ದೋಣಿಯಲ್ಲಿ. ಇದನ್ನು ಕೇಳಿ ನನ್ನ ಎದೆ ಒಂದಿಷ್ಟು ಉಬ್ಬಿತ್ತು. ಮೊದಲ ದಿನವೇ ಅದು ಇಳಿಯಿತು.

ಏಕೆಂದರೆ ಬೂಚು ಹಾಕಲು ಮರೆತಿದ್ದೆ. ದೋಣಿಯ ಹಿಂಬದಿಯಲ್ಲಿ ಒಳಗಿನ ನೀರು ಬಸಿದುಹೋಗಲೆಂದು ಒಂದು ತೂತು ಇರುತ್ತದೆ. ದಡದಲ್ಲಿ ಅದನ್ನು ತೆರೆದಿಡುತ್ತಾರೆ, ನೀರಿಗಿಳಿಸುವ ಮುಂಚೆ ಬೂಚಿನಿಂದ ಮುಚ್ಚಬೇಕು. ಅರ್ಧ ಗಂಟೆಯಲ್ಲಿ ನಮ್ಮ ದೋಣಿ ಹೊರೆ ಹೊತ್ತ ಎಮ್ಮೆಯಂತೆ ತೇಕತೊಡಗಿತು. ದಡಕ್ಕೆ ಎಳೆತಂದು ನೀರು ಬಸಿಯುವಾಗ ಬೂಚು ನನ್ನ ಚಡ್ಡಿಯ ಜೇಬಿನಲ್ಲೇ ಇತ್ತು!

ಎರಡನೆಯದು ಚುಕ್ಕಾಣಿ. ಸೈಕಲ್ಲಿನ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ಸೈಕಲ್ ಎಡಕ್ಕೇ ಹೋಗುತ್ತದೆ. ದೋಣಿಯಲ್ಲಿ ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ನೀರಿನೊಳಗಿನ ಹಲಗೆ ಬಲಕ್ಕೆ ಹೊರಳುತ್ತದೆ, ದೋಣಿಯ ಮೂತಿಯೂ ಬಲಕ್ಕೆ ಹೋಗುತ್ತದೆ. ತಲೆಗೆ ಇದು ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಕೈಗೆ ಅರ್ಥವಾಗಲು ನಾಲ್ಕು ದಿನ ಬೇಕು. ಅಷ್ಟರಲ್ಲಿ ಲಂಗರು ಹಾಕಿ ತನ್ನ ಪಾಡಿಗೆ ನಿಂತಿದ್ದ ಮೀನುದೋಣಿಯೊಂದಕ್ಕೆ ಎರಡು ಸಲ ಡಿಕ್ಕಿ ಹೊಡೆದಿದ್ದೆ.

ಇನ್ನು ಗಾಳಿ. ಹಾಯಿದೋಣಿಯನ್ನು ಗಾಳಿ ಹಿಂದಿನಿಂದ ನೂಕುತ್ತದೆ ಎಂದು ನಾನು ತಿಳಿದಿದ್ದೆ. ಹಾಗಿದ್ದರೆ ಹೋದವರು ಹಿಂದಿರುಗುವುದು ಹೇಗೆ? ತೊಳೆಯದ ಹಲಸಿನ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿ. ಒತ್ತುವುದು ಪಕ್ಕದಿಂದ, ಬೀಜ ಚಿಮ್ಮುವುದು ಮುಂದಕ್ಕೆ. ಪಕ್ಕದಿಂದ ಬರುವ ಗಾಳಿ ಬಾಗಿದ ಹಾಯಿಯ ಮೇಲೆ ಹರಿದು ದೋಣಿಯನ್ನು ಓರೆಯಾಗಿ ಸೆಳೆಯುತ್ತದೆ. ದೋಣಿಯ ನಡುವಿನಿಂದ ನೀರಿಗಿಳಿದಿರುವ ಹಲಗೆ, ಅಂದರೆ ಸೆಂಟರ್‌ಬೋರ್ಡ್, ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಉಳಿದ ದಾರಿ ಮುಂದಿನದೊಂದೇ. ಆದರೂ ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗದು. ಎರಡೂ ಪಕ್ಕಕ್ಕೆ ಸುಮಾರು 45 ಡಿಗ್ರಿ ಬಿಟ್ಟು, ಘಾಟಿ ರಸ್ತೆಯ ಹಾಗೆ ಅಂಕುಡೊಂಕಾಗಿ ಮೇಲೇರಬೇಕು. ನಾನು ಬೇಗ ಮುಟ್ಟುವ ಆಸೆಗೆ ನೇರ ದಾರಿ ಹಿಡಿಯುತ್ತಿದ್ದೆ. ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು, ದೋಣಿ ನಿಂತು ನಿಧಾನಕ್ಕೆ ಹಿಂದಕ್ಕೆ ಸರಿಯುತ್ತಿತ್ತು, ಚುಕ್ಕಾಣಿಯೂ ತಿರುಗುಮುರುಗಾಗುತ್ತಿತ್ತು.

ಗಾಳಿ ಹಿಂದಿನಿಂದ ಬರುವಾಗ ತಿರುಗಿದರೆ ಹಾಯಿಯ ಕೆಳಗಿನ ಅಡ್ಡಮರ ರಪ್ಪನೆ ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸುತ್ತದೆ. ಅದರ ಹೆಸರು ಬೂಮ್. ಡಚ್ ಭಾಷೆಯಲ್ಲಿ ಮರ ಎಂದರ್ಥವಂತೆ. ತಲೆಗೆ ಬಡಿದಾಗ ಆಗುವ ಸದ್ದೇ ಹೆಸರಾಗಿದೆ ಎಂದು ನಾನು ಬಹಳ ದಿನ ನಂಬಿದ್ದೆ.

ಇವೆಲ್ಲ ನಗುವ ಮಾತಾಯಿತು. ಆರನೆಯ ದಿನದ್ದು ಹಾಗಲ್ಲ.

ಡಿಸೆಂಬರಿನ ಬೆಳಿಗ್ಗೆ ಕಾರವಾರದಲ್ಲಿ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರುತ್ತಿದ್ದಂತೆ ಅದು ನಿಂತೇಹೋಗುತ್ತದೆ. ನೆಲ ನೀರಿಗಿಂತ ಬೇಗ ಕಾಯುತ್ತದಲ್ಲ, ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ. ಭೂಗೋಳದ ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಪಡೆದವನು ನಾನು. ಆದರೆ ಆ ಗಾಳಿ ಬರುವುದನ್ನು ನೀರಿನ ಮೇಲಿನ ಕಪ್ಪು ಸುಕ್ಕುಗಳಲ್ಲಿ ನೋಡಿ ತಿಳಿಯಬೇಕು ಎಂಬುದನ್ನು ಗಮನಿಸಿರಲಿಲ್ಲ.

ಚುಕ್ಕಾಣಿ ನನ್ನ ಕೈಯಲ್ಲಿತ್ತು. ಹಾಯಿಯ ಹಗ್ಗವನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಹಾಗೆ ಸುತ್ತಬಾರದು ಎಂದು ನಮ್ಮ ಚೀಫ್ ಸಾಹೇಬರು ಮೊದಲ ದಿನದಿಂದಲೂ ಹೇಳುತ್ತಿದ್ದರು. ಅಂಗೈ ಉರಿಯುತ್ತಿತ್ತು, ಸುತ್ತಿದರೆ ಸುಲಭವೆನಿಸಿತು. ಗಾಳಿಯ ಹೊಡೆತ ಬಂದಾಗ ದೋಣಿ ವಾಲಿತು. ಜೊತೆಗಾರ ಕಾರವಾರದವನೇ. "ಹಗ್ಗ ಬಿಡೋ ಮಾರಾಯ!" ಎಂದು ಕೂಗಿದ. ಬಿಟ್ಟಿದ್ದರೆ ಹಾಯಿಯೊಳಗಿನ ಗಾಳಿ ಸೋರಿ ದೋಣಿ ತಾನೇ ನೆಟ್ಟಗಾಗುತ್ತಿತ್ತು. ಆದರೆ ಬೀಳುವವನ ಕೈ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತದೆ. ನಾನು ಎಳೆದೆ. ಎಳೆದಷ್ಟೂ ಹಾಯಿಗೆ ಗಾಳಿ ತುಂಬಿತು. ದೋಣಿ ಮಗುಚಿತು.

ನೀರಿನ ಮೇಲೆ ತಲೆ ಎತ್ತಿದಾಗ ನನಗೆ ಹಾಯಿ ಕಂಡಿತು, ದೋಣಿಯ ಹೊಟ್ಟೆ ಕಂಡಿತು. ಅವನು ಕಾಣಲಿಲ್ಲ.

ಅವನು ಹಾಯಿಯ ಅಡಿಯಲ್ಲಿದ್ದ. ತೇಲುವ ಜಾಕೆಟ್ ಅವನನ್ನು ಮೇಲಕ್ಕೆ ಒತ್ತುತ್ತಿತ್ತು, ಒದ್ದೆ ಬಟ್ಟೆ ಮುಖಕ್ಕೆ ಅಂಟಿಕೊಂಡಿತ್ತು. ನಾನು ಹೆಸರು ಹಿಡಿದು ಕೂಗುವುದರ ಹೊರತು ಏನೂ ಮಾಡಲಿಲ್ಲ. ಅವನೇ ಕೈಯಿಂದ ಹಾಯಿಯನ್ನು ಮೇಲೆತ್ತಿ ಉಸಿರಿಗೆ ಜಾಗ ಮಾಡಿಕೊಂಡು, ಬಟ್ಟೆಯ ಹೊಲಿಗೆಯನ್ನು ತಡವುತ್ತ ಒಂದೇ ದಿಕ್ಕಿಗೆ ಸರಿದು ಅಂಚಿನಿಂದ ಹೊರಬಂದ. ನೀವು ಎಂದಾದರೂ ಈ ಆಟಕ್ಕೆ ಇಳಿದರೆ ಇದನ್ನು ಮೊದಲು ದಡದ ಪಕ್ಕದಲ್ಲೇ ಅಭ್ಯಾಸ ಮಾಡಿ. ಹೆಚ್ಚೆಂದರೆ ಕೆಲವೇ ಸೆಕೆಂಡು ಆಗಿರಬೇಕು. ನನಗೆ ಅದು ಇಂದಿಗೂ ಕೆಲವು ಸೆಕೆಂಡಿನಂತೆ ಅನಿಸುವುದಿಲ್ಲ.

ಮತ್ತೊಂದು ತಪ್ಪು ಇನ್ನೂ ಬಾಕಿಯಿತ್ತು. ಕೋಡಿಬಾಗದ ದಡ ಹತ್ತಿರವೇ ಕಂಡಿತು. ಅವನು ಸಿಕ್ಕಿದನೆಂಬ ಸಮಾಧಾನಕ್ಕೋ, ನಾಚಿಕೆಗೋ, "ಸಹಾಯ ತರುತ್ತೇನೆ" ಎಂದು ದೋಣಿ ಬಿಟ್ಟು ಈಜತೊಡಗಿದೆ. ರಕ್ಷಣೆಯ ದೋಣಿ ಆಗ ಇನ್ನೊಂದು ಜೋಡಿಯನ್ನು ಎತ್ತುತ್ತಿತ್ತು. ಐವತ್ತು ಬೀಸು ಈಜಿ ತಲೆ ಎತ್ತಿದರೆ ದಡ ಅಷ್ಟೇ ದೂರ, ಸೇತುವೆ ಮಾತ್ರ ಮೊದಲಿಗಿಂತ ಚಿಕ್ಕದಾಗಿತ್ತು. ಇಳಿತದ ಹೊತ್ತು ಅದು. ಸುಮಾರು ಆರು ಗಂಟೆ ಕಾಲ ನದಿಯ ನೀರೂ ಉಬ್ಬರದಲ್ಲಿ ಒಳಬಂದ ನೀರೂ ಸೇರಿ ಸಮುದ್ರಕ್ಕೆ ಹರಿಯುತ್ತವೆ. ಕೆರೆಯಲ್ಲಿ ಕಲಿತವನಿಗೆ ನೀರು ಎಂದರೆ ನಿಂತಿರುವಂಥದ್ದು.

ಪಾತಿದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ ಒಬ್ಬ ಹಿರಿಯರು ಬಂದರು. ನನ್ನನ್ನು ಮೇಲೆಳೆದುಕೊಳ್ಳುತ್ತ, "ಎಲ್ಲಿಗೆ ಹೊರಟಿದ್ದಿ ತಮಾ? ದೋಣಿ ತೇಲ್ತಾ ಉಂಟಲ್ಲ" ಎಂದರು. ಹೌದು, ಮಗುಚಿದರೂ ಅದು ತೇಲುತ್ತಿತ್ತು. ನೀರಿನಲ್ಲಿ ಒಂದು ತಲೆ ದೂರದಿಂದ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ, ದೋಣಿ ಕಾಣುತ್ತದೆ. ಅಭಿಲಾಷ್ ಟೋಮಿಯವರ ಸುದ್ದಿ ಓದಿದಾಗ ನನಗೆ ಈ ಮಾತು ನೆನಪಾಯಿತು. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿಯ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟಾಗಿ, ಅವರು ಎದ್ದೇಳಲಾರದೆ ಮೂರು ದಿನ ದೋಣಿಯೊಳಗೇ ಇದ್ದರು. ತೇಲುತ್ತಿದ್ದ ಆ ದೋಣಿಯನ್ನು ಹುಡುಕಿಯೇ ಫ್ರಾನ್ಸಿನ ಹಡಗೊಂದು ಅವರನ್ನು ತಲುಪಿತು. ಅದೇ ಸ್ಪರ್ಧೆಗೆ ಮತ್ತೆ ಇಳಿದು 2023ರಲ್ಲಿ ಎರಡನೆಯವರಾಗಿ ಮುಗಿಸಿದರು. ನಮ್ಮ ಕಾಳಿ ನದಿಯ ಕಥೆಯನ್ನು ಅದರ ಪಕ್ಕಕ್ಕಿಡುವುದು ಅಧಿಕಪ್ರಸಂಗವೇ ಸರಿ.

ಪಾತಿಯಲ್ಲಿ ಹಿಂದಿರುಗಿದಾಗ ಜೊತೆಗಾರ ಸೆಂಟರ್‌ಬೋರ್ಡಿನ ಮೇಲೆ ನಿಂತು, ಹಗ್ಗ ಹಿಡಿದು ಹಿಂದಕ್ಕೆ ಬಾಗಿ ದೋಣಿಯನ್ನು ಎತ್ತುತ್ತಿದ್ದ. ನಾನೂ ಸೇರಿಕೊಂಡೆ. ಹಾಯಿಯ ಹಗ್ಗ ಸಿಕ್ಕಿಕೊಂಡಿದ್ದುದನ್ನು ಇಬ್ಬರೂ ನೋಡಲಿಲ್ಲ. ದೋಣಿ ಎದ್ದಿತು, ಗಾಳಿ ತುಂಬಿಕೊಂಡು ಆ ಕಡೆಗೆ ಮತ್ತೆ ಬಿತ್ತು. ಎರಡನೆಯ ಸಲ ಹಗ್ಗ ಸಡಿಲಿಸಿ, ಮೂತಿಯನ್ನು ಗಾಳಿಗೆ ಮಾಡಿ ಎತ್ತಿದೆವು.

ಅಂದು ಸಂಜೆ ಅವನು ನನ್ನ ಜೊತೆ ಮಾತಾಡಲಿಲ್ಲ. ಚೀಫ್ ಸಾಹೇಬರು "ಹೇಗೆ ಮಗುಚಿತು?" ಎಂದು ಕೇಳಿದಾಗ "ಗಾಳಿ ಜೋರಿತ್ತು ಸಾರ್" ಎನ್ನಲು ಬಾಯಿ ತೆರೆದೆ. ಅವನು ಎದುರಿಗೇ ಕುಳಿತಿದ್ದ. ಹಗ್ಗದ ಬರೆ ಎದ್ದಿದ್ದ ಕೈಯನ್ನು ಮುಂದೆ ಚಾಚಿದೆ. ಅವರು ಬೈಯಲಿಲ್ಲ. "ನಾಳೆ ಚುಕ್ಕಾಣಿ ನಿನ್ನದೇ" ಎಂದರು. "ಜೊತೆಗೆ ಯಾರು ಬರುತ್ತಾರೆ, ಕೇಳಿಕೋ."

ಕೇಳುವ ಧೈರ್ಯ ನನಗಾಗಲಿಲ್ಲ. ಬೆಳಿಗ್ಗೆ ದೋಣಿಯ ಹತ್ತಿರ ಹೋದರೆ ಅವನು ಆಗಲೇ ಬಗ್ಗಿ ಬೂಚು ತಿರುಪುತ್ತಿದ್ದ. ನೀರಿಗಿಳಿದ ಮೇಲೆ "ಕೈ ತೋರಿಸು" ಎಂದ. ಮುಷ್ಟಿ ಬಿಚ್ಚಿದೆ. ಹಗ್ಗ ಅಂಗೈ ಮೇಲೆ ಸಡಿಲವಾಗಿ ಬಿದ್ದಿತ್ತು. ನೋಡಿ, ಹತ್ತಿ ಕುಳಿತ.

ಅಂದು ಮಧ್ಯಾಹ್ನವೂ ಒಂದು ಸಲ ಮಗುಚಿದೆವು. ಆ ಸಲದ ತಪ್ಪು ಅವನದು.