ಡೀಮರ್‌ಬೋಸ್‌ನ ಉಣುಗು

ಡೀಮರ್‌ಬೋಸ್ ಸುತ್ತುವ ನಾವು ಕಾಲು ಉಳುಕೀತೆಂದು ಒಳ್ಳೆಯ ಶೂ ಕೊಳ್ಳುತ್ತೇವೆ. ಹುಲ್ಲಿನಲ್ಲಿ ಕಾದಿರುವ ಉಣುಗನ್ನು ಮರೆಯುತ್ತೇವೆ. ಮಲೆನಾಡಿನವರಿಗೆ ಉಣುಗು ಹೊಸದಲ್ಲ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಅದರಿಂದಲೇ. ಇಲ್ಲಿನದು ತರುವುದು ಲೈಮ್ ಕಾಯಿಲೆ. ಬಿಟ್ಟರೆ ಕೀಲಿಗೆ, ನರಕ್ಕೆ ಇಳಿಯಬಹುದು.

ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ. ಚೆಂದ ಕಾಣದು, ಇರಲಿ. ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳಾದರೆ ಕಿವಿಯ ಹಿಂದೆಯೂ ನೋಡಿ. ಕಚ್ಚಿಕೊಂಡಿದ್ದರೆ ಇಂಬಳಕ್ಕೆ ಹಾಕುವಂತೆ ಉಪ್ಪು, ಸುಣ್ಣ ಹಾಕಬೇಡಿ, ಎಣ್ಣೆಯೂ ಬೇಡ. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನವಾಗಿ ಎಳೆಯಿರಿ. ಆಮೇಲೆ, ಲೆಕ್ಕಪರಿಶೋಧಕನ ಚಾಳಿ ಎನ್ನಿ, ತಾರೀಖು, ಕಚ್ಚಿದ ಜಾಗ ಬರೆದಿಡಿ. ಮೂರು ತಿಂಗಳೊಳಗೆ ಹರಡುವ ಕೆಂಪು ಕಲೆಯೋ ಜ್ವರವೋ ಕಂಡರೆ ಆ ಚೀಟಿ ಹಿಡಿದು ಫ್ಯಾಮಿಲಿ ಡಾಕ್ಟರ ಬಳಿ ಹೋಗಿ.