ಗೋಡೆಗೆ ಬಂದ ಹಳೆಯ ಮುಖಪುಟ



ಕಾಫಿ ಶಾಪಿನಲ್ಲೋ, ಹೊಸ ಫ್ಲ್ಯಾಟು ಕೊಂಡ ಸ್ನೇಹಿತರ ಹಾಲ್‌ನಲ್ಲೋ ಈ ಬಗೆಯ ಚಿತ್ರವನ್ನು ನೀವು ನೋಡಿರಬಹುದು. ನೂರು ವರ್ಷಕ್ಕೂ ಹಳೆಯದಾದ ಫ್ರೆಂಚ್ ಪತ್ರಿಕೆಯೊಂದರ ಮುಖಪುಟ. ಮೇಲೆ ದಪ್ಪ ಅಕ್ಷರದಲ್ಲಿ ಪತ್ರಿಕೆಯ ಹೆಸರು, ನಡುವೆ ಪುಟದ ತುಂಬಾ ಬಣ್ಣದ ಚಿತ್ರ, ಕೆಳಗೆ ಒಂದೆರಡು ಸಾಲಿನ ಅಡಿಬರಹ. ಒಳ್ಳೆಯ ಕಾಗದದಲ್ಲಿ ಮರುಮುದ್ರಿಸಿ, ಕಪ್ಪು ಚೌಕಟ್ಟು ಹಾಕಿದರೆ ಗೋಡೆಗೆ ಕಳೆ ಬರುತ್ತದೆ, ಸುಳ್ಳಲ್ಲ. ಇವತ್ತು ಅಂಥ ಒಂದೇ ಒಂದು ಮುಖಪುಟದ ಕಥೆ ಹೇಳುತ್ತೇನೆ. ಕೇಳಿದ ಮೇಲೆ ಅದನ್ನು ನಿಮ್ಮ ಮನೆಯಲ್ಲಿ ತೂಗುಹಾಕಬೇಕೋ ಬೇಡವೋ ನೀವೇ ತೀರ್ಮಾನಿಸಿ.

ಪ್ಯಾರಿಸ್ಸಿನ 'ಲ ಪೆತಿ ಜೂರ್ನಾಲ್' 1863ರಲ್ಲಿ ಶುರುವಾದ ಅಗ್ಗದ ದಿನಪತ್ರಿಕೆ. ಬೆಲೆ ಐದು ಸಾಂತೀಮ್, ನಮ್ಮ ಲೆಕ್ಕದಲ್ಲಿ ಚಿಲ್ಲರೆ ಕಾಸು. ಅದರ ವಾರದ ಸಚಿತ್ರ ಪುರವಣಿಗೆ 1890ರಲ್ಲಿ ಬಣ್ಣ ಬಂತು. ಪತ್ರಿಕೆಯನ್ನು ನಡೆಸುತ್ತಿದ್ದ ಮರಿನೋನಿ ಸ್ವತಃ ಮುದ್ರಣಯಂತ್ರ ತಯಾರಕ. ಅವನ ರೋಟರಿ ಯಂತ್ರಗಳಿಂದ ಆ ದಶಕದಲ್ಲಿ ಪುರವಣಿಯ ಹತ್ತು ಲಕ್ಷದಷ್ಟು ಪ್ರತಿಗಳು ಹೊರಬೀಳುತ್ತಿದ್ದವು. ಪತ್ರಿಕೆಯಲ್ಲಿ ಫೋಟೋ ಅಪರೂಪವಾಗಿದ್ದ ಕಾಲ ಅದು. ಓದು ಬಾರದವರಿಗೂ ಆ ಚಿತ್ರವೇ ಸುದ್ದಿ. ಚಿತ್ರಕಾರ ಬರೆದದ್ದೇ ಕಂಡದ್ದು.

1895ರ ಜನವರಿ 13ರ ಪುರವಣಿಯನ್ನೇ ನೋಡಿ. ಸೈನಿಕ ಶಾಲೆಯ ಅಂಗಳ, ಹಿಂದೆ ಸಾಲುಗಟ್ಟಿ ನಿಂತ ಪಡೆ. ಮುಂದೆ ಅಧಿಕಾರಿಯೊಬ್ಬ ನೆಟ್ಟಗೆ ನಿಂತಿದ್ದಾನೆ. ಎದುರಿನವನು ಅವನ ಕತ್ತಿಯನ್ನು ಮುರಿಯುತ್ತಿದ್ದಾನೆ. ಚಿತ್ರ ಬರೆದವನು ಆಂರಿ ಮೆಯೆರ್. ಅಡಿಬರಹ: 'ದ್ರೋಹಿ'. ಅದರ ಜೊತೆಗೆ ಹೆಸರು, ಆಲ್ಫ್ರೆಡ್ ಡ್ರೇಫಸ್.

ಡ್ರೇಫಸ್ ಫ್ರೆಂಚ್ ಸೈನ್ಯದ ಕ್ಯಾಪ್ಟನ್, ಯಹೂದಿ. ಜರ್ಮನಿಗೆ ಗುಟ್ಟು ಮಾರಿದನೆಂದು 1894ರ ಡಿಸೆಂಬರಿನಲ್ಲಿ ಸೈನಿಕ ನ್ಯಾಯಾಲಯ ಅವನಿಗೆ ಶಿಕ್ಷೆ ಕೊಟ್ಟಿತು. ಜನವರಿ 5ರಂದು ಎಲ್ಲರೆದುರು ಪದವಿ ಕಿತ್ತುಕೊಳ್ಳುವ ಶಾಸ್ತ್ರ ನಡೆಯಿತು. ಗುಂಡಿಗಳು ಸಲೀಸಾಗಿ ಕಿತ್ತುಬರಲೆಂದು ಹೊಲಿಗೆಯನ್ನು ಮೊದಲೇ ಸಡಿಲ ಮಾಡಿದ್ದರು, ಕತ್ತಿ ಒಂದೇ ಏಟಿಗೆ ಮುರಿಯಲೆಂದು ಅದನ್ನೂ ಅರದಿಂದ ಸವೆಸಿ ಇಟ್ಟಿದ್ದರು. ನೋಡಿ, ಅವಮಾನಕ್ಕೂ ರಿಹರ್ಸಲ್ಲು! ತಾನು ನಿರಪರಾಧಿ ಎಂದು ಡ್ರೇಫಸ್ ಅಲ್ಲೇ ಕೂಗಿ ಹೇಳಿದ. ಚಿತ್ರಕ್ಕೆ ಧ್ವನಿಯಿಲ್ಲವಲ್ಲ. ಲಕ್ಷಾಂತರ ಮನೆಗಳಿಗೆ ಹೋದದ್ದು ಮುರಿದ ಕತ್ತಿ, ಮತ್ತು 'ದ್ರೋಹಿ' ಎಂಬ ಪದ.

ಅವನನ್ನು ದಕ್ಷಿಣ ಅಮೆರಿಕದ ಕರಾವಳಿಯಾಚೆಯ ಡೆವಿಲ್ಸ್ ಐಲೆಂಡಿಗೆ ಸಾಗಿಸಿದರು. ಗುಟ್ಟು ಮಾರಿದವನು ಎಸ್ಟರ್‌ಹಾಜಿ ಎಂಬ ಬೇರೆಯೇ ಅಧಿಕಾರಿ ಎಂದು 1896ರಲ್ಲೇ ಸೈನ್ಯದೊಳಗಿನ ಒಬ್ಬರು ಪತ್ತೆ ಹಚ್ಚಿದರೂ ಮೇಲಿನವರು ಬಾಯಿ ಮುಚ್ಚಿಸಿದರು. ಕೊನೆಗೆ ಕಾದಂಬರಿಕಾರ ಎಮಿಲ್ ಜೋಲಾ ರಾಷ್ಟ್ರಾಧ್ಯಕ್ಷರಿಗೆ ಬರೆದ ಬಹಿರಂಗ ಪತ್ರ ಇನ್ನೊಂದು ಪತ್ರಿಕೆಯ ಮುಖಪುಟದಲ್ಲಿ ಬಂತು. ತಾರೀಖು 1898ರ ಜನವರಿ 13, ಆ ಚಿತ್ರ ಬಂದು ಸರಿಯಾಗಿ ಮೂರು ವರ್ಷ. ಈ ಮುಖಪುಟದಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಪೆತಿ ಜೂರ್ನಾಲ್ ಮಾತ್ರ ಪಟ್ಟು ಬಿಡದೆ ಜೋಲಾರ ತೀರಿಹೋದ ತಂದೆಯ ಮೇಲೂ ಕೆಸರು ಎರಚಿತು. 1899ರಲ್ಲಿ ಮರುವಿಚಾರಣೆ, ಮತ್ತೆ ಶಿಕ್ಷೆ, ಆಮೇಲೆ ಕ್ಷಮಾದಾನ. ಕಳಂಕ ಪೂರ್ತಿ ತೊಳೆದದ್ದು 1906ರಲ್ಲಿ. ಅವನಿಗೆ ಬ್ರಿಗೇಡಿಯರ್ ಜನರಲ್ ಪದವಿ ಕೊಡುವ ಮಸೂದೆಗೆ ಫ್ರಾನ್ಸಿನ ಕೆಳಮನೆ ಒಪ್ಪಿಗೆ ಕೊಟ್ಟದ್ದು 2025ರ ಜೂನ್ ತಿಂಗಳಲ್ಲಿ!

ಈಗ ನಮ್ಮ ಗೋಡೆಗೆ ಬರೋಣ. ಅಚ್ಚಿನ ಚಿತ್ರಕ್ಕೆ ಕಟ್ಟು ಹಾಕಿಸುವುದು ನಮಗೆ ಹೊಸದೇನಲ್ಲ. ರಾಜಾ ರವಿವರ್ಮ ಮುಂಬಯಿಯಲ್ಲಿ ಪ್ರೆಸ್ ಹಾಕಿದ್ದು 1894ರಲ್ಲಿ, ಡ್ರೇಫಸ್‌ಗೆ ಶಿಕ್ಷೆಯಾದ ವರ್ಷವೇ. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ನಮ್ಮ ಅಜ್ಜಿಯರ ದೇವರ ಮನೆ ಸೇರಿದರು. ಆದರೆ ಲಕ್ಷ್ಮಿಯ ಪಟಕ್ಕೆ ತಾರೀಖು ಬೇಕಿಲ್ಲ, ಸುದ್ದಿಯ ಚಿತ್ರಕ್ಕೆ ಬೇಕು. ಅಂದಕ್ಕೆಂದು ಅಡಿಬರಹವನ್ನೂ ತಾರೀಖನ್ನೂ ಕತ್ತರಿಸಿ ಚಿತ್ರ ಮಾತ್ರ ಉಳಿಸಿದರೆ ಡ್ರೇಫಸ್ ಯಾರೋ ಒಬ್ಬ ಅನಾಮಧೇಯ ಸಿಪಾಯಿ. ಅಡಿಬರಹ ಉಳಿಸಿ ಕಥೆ ಹೇಳದಿದ್ದರೆ ಅವನು ಇನ್ನೂ ದ್ರೋಹಿ. ನನ್ನನ್ನು ಕೇಳಿದರೆ ಪುಟವನ್ನು ಇಡಿಯಾಗಿಯೇ ಹಾಕಿಸಿ, ಚೌಕಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿ: '1906ರಲ್ಲಿ ನಿರಪರಾಧಿ ಎಂದು ತೀರ್ಪು.' ಅತಿಥಿಗಳು ಕೇಳಿದರೆ ಹೇಳುವುದಕ್ಕೆ ನಿಮಗೂ ಒಂದು ವಿಷಯವಾಯಿತು.

ಕೊಳ್ಳುವವರಿಗೆ ಇನ್ನೆರಡು ಮಾತು. ಅಂಗಡಿಯವರು 'ಒರಿಜಿನಲ್' ಎಂದರೆ ಚೌಕಟ್ಟು ಬಿಚ್ಚಿಸಿ ಹಿಂಬದಿ ನೋಡಿ. ಅಸಲು ಪುಟವಾದರೆ ಹಿಂದೆ ಫ್ರೆಂಚ್ ಬರಹ ಇರಲೇಬೇಕು, ಅದು ಪತ್ರಿಕೆಯ ಹಾಳೆ ತಾನೇ? ಖಾಲಿಯಿದ್ದರೆ ಮರುಮುದ್ರಣ. ಮರುಮುದ್ರಣದಲ್ಲೂ ತಪ್ಪಿಲ್ಲ. 'ಝೀಕ್ಲೇ' ಎಂದು ದೊಡ್ಡ ಹೆಸರಿಟ್ಟು ಮಾರುವುದು ಒಳ್ಳೆಯ ಇಂಕ್‌ಜೆಟ್ ಮುದ್ರಣವನ್ನೇ. ಹತ್ತಿಯ ಕಾಗದ, ಪಿಗ್ಮೆಂಟ್ ಶಾಯಿ ಆದರೆ ಬಹುಕಾಲ ಬಾಳುತ್ತದೆ. ಅಸಲು ಪ್ರತಿಯ ಕಾಗದ ಮರದ ತಿರುಳಿನದು, ಬಿಸಿಲಿಗೆ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಯಾವುದೇ ಆಗಲಿ, ಕಿಟಕಿಯ ಎದುರು ಗೋಡೆ ಬೇಡ. ದುಡ್ಡು ಕೊಡುವ ಮೊದಲು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ 'ಗ್ಯಾಲಿಕಾ' ಡಿಜಿಟಲ್ ಸಂಗ್ರಹ ತೆರೆದು ನೋಡಿ. ಪೆತಿ ಜೂರ್ನಾಲ್‌ನ ಹಳೆಯ ಸಂಚಿಕೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ನಿಮಗೆ ಹಿಡಿಸಿದ ಮುಖಪುಟದ ತಾರೀಖು ಹಿಡಿದು ಒಳಪುಟಗಳನ್ನೂ ತಿರುವಿಹಾಕಬಹುದು.